ಹಿಟ್ಟಿನ ಕೋಳಿ ಮತ್ತು ಹಸಿರು ಚುಕ್ಕೆ: ಗ್ರಾಫಿಕ್ ಡಿಸೈನ್ ವೃತ್ತಿಯಲ್ಲಿ ಶ್ರಾವಕರ ಹೊಣೆ

ನಮ್ಮ ಸಮಾಜದ ಯುವಕ ಯುವತಿಯರು ಈಗ ಅಂಗಡಿ, ಮಂಡಿ, ಜಮೀನು, ಬ್ಯಾಂಕು ಎಂಬ ಹಳೆಯ ದಾರಿಗಳಲ್ಲಷ್ಟೇ ಉಳಿದಿಲ್ಲ. ಅರಸೀಕೆರೆ, ಬೇಲೂರು, ಹಾಸನದಂಥ ಊರುಗಳಲ್ಲಿ ಡಿ.ಟಿ.ಪಿ. ಮತ್ತು ಫ್ಲೆಕ್ಸ್ ಅಂಗಡಿ ಇಟ್ಟವರಿದ್ದಾರೆ. ಬೆಂಗಳೂರಿನ ಜಾಹೀರಾತು ಕಂಪನಿಗಳಲ್ಲಿ, ಮೊಬೈಲ್ ಆ್ಯಪ್ ತಯಾರಿಸುವ ಆಫೀಸುಗಳಲ್ಲಿ ಗ್ರಾಫಿಕ್ ಡಿಸೈನರ್ ಆಗಿ ದುಡಿಯುವವರೂ ಇದ್ದಾರೆ. ಲೇಬಲ್, ಬೋರ್ಡು, ಲಗ್ನಪತ್ರಿಕೆ, ಪ್ಯಾಕೆಟ್ಟು, ಜಾಹೀರಾತು ಎಲ್ಲವೂ ಇವರ ಕೈಯಿಂದಲೇ ಹೊರಬರುತ್ತವೆ. ಇಂಥ ಮಕ್ಕಳ ತಂದೆತಾಯಿಯರು ಬಸದಿಯಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. ಮಗನಿಗೆ ಕೋಳಿ ಅಂಗಡಿಯ ಬೋರ್ಡು ಮಾಡಲು ಹೇಳಿದ್ದಾರೆ, ಅವನು ಕೋಳಿಯನ್ನು ಮುಟ್ಟುವುದೂ ಇಲ್ಲ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಾನೆ ಅಷ್ಟೆ, ದೋಷ ಬರುತ್ತದೆಯೇ?

ಪ್ರಶ್ನೆ ಸರಿಯಾದದ್ದೇ. ಶಾಸ್ತ್ರದಲ್ಲಿ ಅದಕ್ಕೆ ಉತ್ತರವೂ ಇದೆ. ಆದರೆ ನಲವತ್ತು ವರ್ಷ ಕೊಬ್ಬರಿ ಚೀಲ, ದಿನಸಿ ಪ್ಯಾಕೆಟ್ಟುಗಳ ನಡುವೆ ವ್ಯಾಪಾರ ಮಾಡಿದ ನನಗೆ ಕಾಣುವುದು ಬೇರೆ. ಈ ವೃತ್ತಿಯಲ್ಲಿ ದಿನವೂ ಎದುರಾಗುವ ದೋಷಗಳು ಅಹಿಂಸಾಣುವ್ರತಕ್ಕಿಂತ ಸತ್ಯ ಮತ್ತು ಅಚೌರ್ಯ ಅಣುವ್ರತಗಳಿಗೇ ಹೆಚ್ಚು ಸೇರಿದವು. ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಎರಡನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲಿಗೆ, ಇದು ಶ್ರಾವಕರಿಗೆ ತಕ್ಕ ವೃತ್ತಿಯೇ ಎಂಬ ಸಂಶಯ ಯಾರಿಗೂ ಬೇಡ. ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಕಲಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಮಸಿ ಎಂದರೆ ಬರವಣಿಗೆ, ಶಿಲ್ಪ ಎಂದರೆ ಕೈಕುಶಲ. ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದವರು ಅವರೇ. ಅಕ್ಷರ ಜೋಡಿಸುವ, ಚಿತ್ರ ರಚಿಸುವ ಕೆಲಸ ಮಸಿ ಮತ್ತು ಶಿಲ್ಪ ಎರಡಕ್ಕೂ ಸೇರುತ್ತದೆ. ಹಳೇಬೀಡಿನ ಬಸದಿಹಳ್ಳಿಗೆ ಹೋದವರು ಪಾರ್ಶ್ವನಾಥ ಬಸದಿಯ ಹೊಳೆಯುವ ಕಂಬಗಳನ್ನು ನೋಡಿಕೊಂಡು ಹಿಂತಿರುಗಿಬಿಡುತ್ತಾರೆ. ಪಕ್ಕದ ಚಿಕ್ಕ ಆದಿನಾಥ ಬಸದಿಯಲ್ಲೂ ಸ್ವಲ್ಪ ಹೊತ್ತು ಕುಳಿತು ಬರಬೇಕೆಂದು ಡಿಸೈನ್ ಕಲಿಯುವ ಮಕ್ಕಳಿಗೆ ನಾನು ಹೇಳುತ್ತಿರುತ್ತೇನೆ.

ಈಗ ಕೋಳಿಯ ಪ್ರಶ್ನೆಗೆ ಬರೋಣ. ಇದಕ್ಕೆ ನಮ್ಮ ನಾಡಿನಲ್ಲೇ ಹುಟ್ಟಿದ ಕಾವ್ಯವೊಂದರಲ್ಲಿ ಉತ್ತರವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ, ಕವಿ ಜನ್ನ ಯಶೋಧರ ಚರಿತೆಯನ್ನು ಬರೆದ. ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ವಸುಧೈಕಬಾಂಧವ ರೇಚರಸ ಕಟ್ಟಿಸಿದ್ದು 1220ರಲ್ಲಿ, ಅದೇ ಅರಸನ ಕಾಲ. ಅಂದರೆ ನಮ್ಮ ಸಹಸ್ರಕೂಟದಲ್ಲಿ ಮೊದಲ ಪೂಜೆ ಮಾಡಿದವರ ಕಾಲದಲ್ಲಿ ಈ ಕಥೆ ಹೊಸದಾಗಿತ್ತು.

ಕಥೆ ಬಹಳ ಮನೆಗಳಲ್ಲಿ ಗೊತ್ತಿರುವುದೇ. ಯಶೋಧರ ರಾಜನಿಗೆ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಬೇಕೆಂದು ಒತ್ತಾಯ ಮಾಡುತ್ತಾಳೆ. ಜೀವಬಲಿಗೆ ರಾಜ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಬಣ್ಣ ಬಳಿದ ಆ ಕೋಳಿ ಎಷ್ಟು ಚೆನ್ನಾಗಿತ್ತೆಂದರೆ ಬೆಂತರವೊಂದು ಅದರೊಳಗೆ ಸೇರಿಕೊಂಡಿತ್ತು. ಕಡಿದಾಗ ಅದು ಕೂಗಿತು. ಜೀವವಿಲ್ಲದ ಹಿಟ್ಟನ್ನು ಕಡಿದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಇದ್ದದ್ದರಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ ಜನ್ಮಗಳಿಂದ ಹಿಡಿದು ಕೋಳಿಯ ಜನ್ಮದವರೆಗೆ ತಿರ್ಯಂಚ ಗತಿಯಲ್ಲಿ ಅಲೆಯಬೇಕಾಯಿತು.

ಇದನ್ನು ಓದಿ ಕೋಳಿಯ ಚಿತ್ರ ಬಿಡಿಸುವುದೇ ಪಾಪ ಎಂದು ತಿಳಿಯಬಾರದು. ಒಂದನೇ ತರಗತಿಯ ಪುಸ್ತಕಕ್ಕೆ ಕೋಳಿ ಬಿಡಿಸುವವನಿಗೆ ಯಾವ ದೋಷವೂ ಇಲ್ಲ. ಕಾವ್ಯ ಹೇಳುವುದು ಸಂಕಲ್ಪದ ಬಗ್ಗೆ. ಆದರೆ ಇನ್ನೊಂದನ್ನೂ ಹೇಳುತ್ತದೆ. ಬರೀ ಬಣ್ಣ, ಬರೀ ಆಕಾರ, ಅದರಿಂದೇನು ಎಂಬ ಸಮಾಧಾನ ನಡೆಯುವುದಿಲ್ಲ. ಯಾವ ಉದ್ದೇಶಕ್ಕೆ ಆ ಆಕಾರ ಮಾಡಿಸಿದರೋ ಆ ಉದ್ದೇಶ ಅದರೊಳಗೆ ಇದ್ದೇ ಇರುತ್ತದೆ. ಡಿಸೈನರ್ ಆದವರು ಈ ಭಾಗವನ್ನು ಎರಡು ಸಲ ಓದಬೇಕು.

ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕರ್ಮಬಂಧ ಕೃತ, ಕಾರಿತ, ಅನುಮೋದನ ಎಂಬ ಮೂರೂ ದಾರಿಗಳಿಂದ ಬರುತ್ತದೆ: ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಮನಸ್ಸು, ಮಾತು, ಕಾಯ ಮೂರರಿಂದಲೂ ಆಗುವುದರಿಂದ ಒಟ್ಟು ಒಂಬತ್ತು. ಜಾಹೀರಾತು ಎಂಬುದು ಒಂದು ವಸ್ತುವನ್ನು ಮೆಚ್ಚಿ, ಇತರರೂ ಮೆಚ್ಚುವಂತೆ ಮಾಡುವ ಕೆಲಸವೇ ತಾನೆ? ಹಾಗಾಗಿ ‘ನಾನು ಮುಟ್ಟಲಿಲ್ಲ’ ಎಂಬ ಮಾತು ಪೂರ್ತಿ ಉತ್ತರವಾಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪಾಪೋಪದೇಶವನ್ನೇ ಮೊದಲು ಇಡುತ್ತಾರೆ. ಜೀವಹಿಂಸೆಯ ವ್ಯಾಪಾರ ಬೆಳೆಯುವಂತೆ ಪ್ರೇರಣೆ ಕೊಡುವುದು ಅದರೊಳಗೆ ಬರುತ್ತದೆ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದು ಗೃಹಸ್ಥರ ಕಷ್ಟ ಅರಿತೇ. ಗೃಹಸ್ಥರು ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು. ನ್ಯಾಯವಾದ ಜೀವನೋಪಾಯದಲ್ಲಿ ತಪ್ಪಿಸಲಾಗದ ಉದ್ಯೋಗಿ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಮಾಂಸ, ಮದ್ಯ, ತಂಬಾಕು ಮಾರುವವರಿಗೆ ‘ಇನ್ನೂ ಹೆಚ್ಚು ತಿನ್ನಿ, ಕುಡಿಯಿರಿ’ ಎಂದು ಆಸೆ ಹುಟ್ಟಿಸುವ ಜಾಹೀರಾತು ಮಾಡಿಕೊಡುವುದು ಮೊದಲನೆಯದಕ್ಕೆ ಬಹಳ ಹತ್ತಿರ ಎಂದು ನನ್ನ ಅಭಿಪ್ರಾಯ. ಎಲ್ಲ ಬಗೆಯ ಅಡುಗೆಯಿರುವ ಹೋಟೆಲಿನ ಬಿಲ್ ಬುಕ್ಕಿಗೆ ಗೆರೆ ಹಾಕಿಕೊಡುವುದು ಆ ಮಟ್ಟದ್ದಲ್ಲ. ನಡುವೆ ಇರುವುದನ್ನು ಪ್ರತಿಯೊಬ್ಬರೂ ತಮ್ಮ ವ್ರತ, ಶಕ್ತಿ ನೋಡಿ ತೀರ್ಮಾನಿಸಬೇಕು. ಶ್ವೇತಾಂಬರ ಬಂಧುಗಳ ಉಪಾಸಕದಶಾ ಸೂತ್ರದಲ್ಲಿ ಹದಿನೈದು ಕರ್ಮಾದಾನಗಳ ಪಟ್ಟಿಯಿದೆ: ಇದ್ದಿಲು ಸುಡುವುದು, ಕಾಡು ಕಡಿಯುವುದು, ದಂತ, ಅರಗು, ವಿಷ ಇವುಗಳ ವ್ಯಾಪಾರ ಇತ್ಯಾದಿ. ಇವುಗಳಲ್ಲಿ ಡಿಸೈನರ್ ಎಂಬ ಹೆಸರಿಲ್ಲ ನಿಜ. ಆದರೆ ಅಲ್ಲಿ ಹೆಸರಿಸಿದ ವ್ಯಾಪಾರ ಬೆಳೆಯುವುದು ಈಗ ಡಿಸೈನರಿನ ಕೈಯಿಂದ.

ನಮ್ಮ ಧರ್ಮದ ಪರಿಚಯವಿಲ್ಲದವರೂ ಇದೇ ರೀತಿ ಯೋಚಿಸಿದ್ದಾರೆ. 1964ರಲ್ಲಿ ಬ್ರಿಟನ್ನಿನ ಕೆನ್ ಗಾರ್ಲೆಂಡ್ ಎಂಬ ಡಿಸೈನರ್ ಒಂದು ಪ್ರಣಾಳಿಕೆ ಬರೆದು, ಕ್ಷುಲ್ಲಕ ವಸ್ತುಗಳ ಜಾಹೀರಾತಿಗೆ ಸುರಿಯುತ್ತಿರುವ ಪ್ರತಿಭೆಯನ್ನು ಜನೋಪಯೋಗಿ ಕೆಲಸಕ್ಕೆ ತಿರುಗಿಸೋಣವೆಂದು ಸಹೋದ್ಯೋಗಿಗಳ ಸಹಿಯೊಡನೆ ಪ್ರಕಟಿಸಿದರು. ಅಮೆರಿಕದ ಪ್ರಸಿದ್ಧ ಡಿಸೈನರ್ ಮಿಲ್ಟನ್ ಗ್ಲೇಸರ್ ಹನ್ನೆರಡು ಮೆಟ್ಟಿಲುಗಳ ಒಂದು ಪ್ರಶ್ನಾವಳಿ ಮಾಡಿದ್ದರು. ಅದಕ್ಕೆ ನರಕಕ್ಕೆ ಹೋಗುವ ದಾರಿ ಎಂಬರ್ಥದ ಹೆಸರಿಟ್ಟಿದ್ದರು. ಮೊದಲ ಮೆಟ್ಟಿಲು ಬಹಳ ಸಣ್ಣದು: ಪೊಟ್ಟಣ ಅಂಗಡಿಯ ಕಪಾಟಿನಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುವಂತೆ ಮಾಡಿಕೊಡುತ್ತೀರಾ? ಹೀಗೆ ಹತ್ತುತ್ತಾ ಹೋಗಿ ಕೊನೆಯಲ್ಲಿ, ಬಳಸಿದವರ ಪ್ರಾಣಕ್ಕೇ ಕುತ್ತು ತರುವ ವಸ್ತುವಿಗೆ ಜಾಹೀರಾತು ಮಾಡುತ್ತೀರಾ ಎಂಬಲ್ಲಿಗೆ ಮುಟ್ಟುತ್ತದೆ. ಅವರು ಕೋಳಿಯಿಂದ ಆರಂಭಿಸಲಿಲ್ಲ, ಪೊಟ್ಟಣದ ಗಾತ್ರದಿಂದ ಆರಂಭಿಸಿದರು. ವ್ಯಾಪಾರಿಯಾದ ನನಗೆ ಇದು ಬಹಳ ಹಿಡಿಸಿತು.

ಏಕೆಂದರೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯ ಮತ್ತು ಅಚೌರ್ಯ ವ್ರತಗಳ ಅತಿಚಾರಗಳನ್ನು ನೋಡಿದರೆ ಅವು ಡಿ.ಟಿ.ಪಿ. ಅಂಗಡಿಗೇ ಬರೆದಂತಿವೆ. ಸತ್ಯವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸುಳ್ಳು ದಾಖಲೆ ಸೃಷ್ಟಿಸುವುದು. ಅಚೌರ್ಯದ ಅತಿಚಾರಗಳಲ್ಲಿ ಎರಡು ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ: ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನಂತೆ ಕಾಣುವ ನಕಲಿಯನ್ನು ಚಲಾಯಿಸುವುದು.

ಕೂಟಲೇಖ ಹೊಸದೇನಲ್ಲ. ಶಾಸನ ಓದುವ ವಿದ್ವಾಂಸರು ಕೂಟಶಾಸನ ಎಂಬ ಮಾತನ್ನು ಬಳಸುತ್ತಾರೆ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ನಂತರದವರು ಹುಟ್ಟಿಸಿದ ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರೆ, ರೈಸ್ ಅದನ್ನು ಒಪ್ಪದೆ ಬಹಳ ಕಾಲ ಚರ್ಚೆ ನಡೆದಿತ್ತು. ಅಂದು ತಾಮ್ರದ ಹಾಳೆ ಬಡಿದು, ಲಿಪಿ ಕೊರೆದು ಮಾಡಬೇಕಿದ್ದ ಕೆಲಸ ಈಗ ಐದು ನಿಮಿಷದ್ದು. ಅಂಕಪಟ್ಟಿಯ ಒಂದು ಅಂಕಿ, ಅನುಭವ ಪತ್ರದ ಒಂದು ವರ್ಷ, ಬಾಡಿಗೆ ಕರಾರಿನ ಒಂದು ತಾರೀಖು, ಹಣ ಪಾವತಿಯಾದ ಮೊಬೈಲ್ ಪರದೆಯ ಚಿತ್ರ. ‘ಸ್ವಲ್ಪ ಸರಿ ಮಾಡಿಕೊಡಪ್ಪ’ ಎಂದು ಕೇಳುವವರು ಕಳ್ಳರ ವೇಷದಲ್ಲಿ ಬರುವುದಿಲ್ಲ. ಬಂಧುಗಳು, ನೆರೆಯವರು, ಕೆಲವೊಮ್ಮೆ ಹಿರಿಯರೇ ಬರುತ್ತಾರೆ. ಕೇಳುವುದು ಐವತ್ತು ರೂಪಾಯಿಯ ಕೆಲಸ. ಮಾಡಿಕೊಟ್ಟ ಹುಡುಗನ ಪಾಲಿಗೆ ಅದು ವ್ರತಭಂಗ, ಸಿಕ್ಕಿಬಿದ್ದರೆ ಕ್ರಿಮಿನಲ್ ಮೊಕದ್ದಮೆ. ಅಣ್ಣನ ಮಗ, ಅಕ್ಕನ ಮಗ ಎಂಬ ಸಲಿಗೆಯಿಂದ ಇಂಥದ್ದನ್ನು ಕೇಳಿ ಅವರನ್ನು ಇಕ್ಕಟ್ಟಿಗೆ ತಳ್ಳಬಾರದು.

ಪ್ರತಿರೂಪಕ ವ್ಯವಹಾರದ ಮಾತು ಬಂದರೆ ನಮ್ಮ ವ್ಯಾಪಾರಿಗಳ ಕಡೆಗೇ ತಿರುಗಬೇಕಾಗುತ್ತದೆ. ಹೆಸರಾದ ಕಾಫಿಪುಡಿಯದೋ ಎಣ್ಣೆಯದೋ ಪ್ಯಾಕೆಟ್ಟು ಮೇಜಿನ ಮೇಲಿಟ್ಟು, ‘ಇದೇ ಬಣ್ಣ, ಇದೇ ಅಕ್ಷರ ಇರಲಿ, ಹೆಸರಿನಲ್ಲಿ ಒಂದಕ್ಷರ ಬದಲಾಯಿಸು’ ಎಂದು ಹೇಳುವವರು ಯಾರು? ಡಿಸೈನರ್ ಅಲ್ಲ, ಗಿರಾಕಿ. ಹೇಳಿದವರದು ಕಾರಿತ, ಮಾಡಿದವರದು ಕೃತ. ಹಳ್ಳಿಯಿಂದ ಬಂದು ಬಣ್ಣ ನೋಡಿ ಪ್ಯಾಕೆಟ್ಟು ಕೊಳ್ಳುವ ಓದುಬರಹ ಬಾರದ ತಾಯಿಯೇ ಇದರಲ್ಲಿ ಮೋಸಹೋಗುವುದು. ಕಾನೂನೂ ಇಲ್ಲಿ ಶಾಸ್ತ್ರದ ದಾರಿಯಲ್ಲೇ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಕಲಂ ನಕಲಿ ಗುರುತು ಹಾಕಿದವರನ್ನು ಮಾತ್ರ ಹಿಡಿಯುವುದಿಲ್ಲ. ನಕಲಿಗೆಂದು ಅಚ್ಚು, ಬ್ಲಾಕು, ಪ್ಲೇಟು ಮಾಡಿದವರನ್ನೂ ಇಟ್ಟುಕೊಂಡವರನ್ನೂ ಅಪರಾಧಿ ಎನ್ನುತ್ತದೆ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಅಂಗಡಿಯ ಕಂಪ್ಯೂಟರಿನಲ್ಲಿ ಫೈಲ್ ಉಳಿಸಿಕೊಳ್ಳುವ ಮಕ್ಕಳು ಇದನ್ನು ತಿಳಿದಿರಬೇಕು.

ಇನ್ನು ಹಸಿರು ಚುಕ್ಕೆ. ಜೈನ ಮನೆಯ ಮಟ್ಟಿಗೆ ಭಾರತದಲ್ಲಿ ಮುದ್ರಣವಾಗುವ ಎಲ್ಲ ಚಿತ್ರಗಳಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ರೈಲಿನಲ್ಲಿ, ಪರಊರಿನಲ್ಲಿ, ಮಕ್ಕಳ ಹಾಸ್ಟೆಲಿನಲ್ಲಿ ನಮ್ಮವರು ಒಂದು ಬಿಸ್ಕೆಟ್ ಪೊಟ್ಟಣ ಒಡೆಯುವುದು ಆ ಚೌಕದೊಳಗಿನ ಹಸಿರು ಚುಕ್ಕೆಯನ್ನು ನಂಬಿ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆಯಿತ್ತು. ಬಣ್ಣ ಗುರುತಿಸಲಾಗದವರಿಗೂ ತಿಳಿಯಲೆಂದು 2020ರ ಆಹಾರ ಸುರಕ್ಷತೆ ಲೇಬಲಿಂಗ್ ನಿಯಮಗಳಲ್ಲಿ ಅದನ್ನು ಕಂದು ತ್ರಿಕೋನ ಮಾಡಿದರು. ಇದನ್ನು ಲೇಬಲಿನಲ್ಲಿ ಇಡುವವರು ಯಾರು? ಒಬ್ಬ ಡಿಸೈನರ್. ಸಣ್ಣ ಬೇಕರಿಗಳ ಲೇಬಲ್ ಹೇಗೆ ತಯಾರಾಗುತ್ತದೆಂದು ನೋಡಿದವರಿಗೆ ಗೊತ್ತು. ಹಿಂದಿನ ಯಾವುದೋ ಲೇಬಲಿನ ಫೈಲ್ ತೆರೆದು ಹೆಸರು ಬದಲಿಸುತ್ತಾರೆ. ಹಸಿರು ಚುಕ್ಕೆ, 14 ಅಂಕಿಯ ಎಫ್.ಎಸ್.ಎಸ್.ಎ.ಐ. ಸಂಖ್ಯೆ, ಪದಾರ್ಥಗಳ ಪಟ್ಟಿ ಹಳೆಯದೇ ಉಳಿದುಬಿಡುತ್ತವೆ. ಹೊಸ ಕೇಕಿನಲ್ಲಿ ಮೊಟ್ಟೆಯಿದ್ದರೆ? ಯಾರಿಗೂ ಮೋಸದ ಉದ್ದೇಶವಿರಲಿಲ್ಲ, ಆದರೂ ಎಲ್ಲೋ ಒಬ್ಬರು ಅಜ್ಜಿಯ ಜೀವನಪರ್ಯಂತದ ನಿಯಮ ಮುರಿದುಹೋಗುತ್ತದೆ. ಇದನ್ನೇ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆ ಎಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಗಿರಾಕಿ ಬರಹದಲ್ಲಿ ಖಚಿತಪಡಿಸದೆ ಹಸಿರು ಚುಕ್ಕೆ ಇಡುವುದಿಲ್ಲ ಎಂದು ಒಬ್ಬ ಜೈನ ಡಿಸೈನರ್ ನಿಯಮ ಮಾಡಿಕೊಂಡರೆ ಅದೊಂದು ದೊಡ್ಡ ಸೇವೆ.

ಇದೇ ಜಾಗದಲ್ಲಿ ಇನ್ನೊಂದು ವಿಷಯ ನಮ್ಮ ಗೃಹಿಣಿಯರಿಗೂ ತಿಳಿದಿರಲಿ. ಸರಕಾರದ ನಿಯಮದಲ್ಲಿ ಮೊಟ್ಟೆ ಮಾಂಸಾಹಾರ. ಆದರೆ ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ, ಅರಗಿನಿಂದ ಮಾಡಿದ ಶೆಲ್ಯಾಕ್ ಇವುಗಳನ್ನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಅಂದರೆ ಮಧು ಇರುವ ತಿನಿಸಿಗೂ ಹಸಿರು ಚುಕ್ಕೆ ಬರುತ್ತದೆ. ಮದ್ಯ, ಮಾಂಸ, ಮಧು ಮೂರರ ತ್ಯಾಗ ನಮ್ಮ ಅಷ್ಟ ಮೂಲಗುಣಗಳಲ್ಲಿ ಸೇರಿರುವುದು ಎಲ್ಲರಿಗೂ ಗೊತ್ತು. ಹಾಗಾಗಿ ಹಸಿರು ಚುಕ್ಕೆ ಇದೆಯೆಂದ ಮಾತ್ರಕ್ಕೆ ಮೇಲೆ ‘ಜೈನ್’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ಸರಿಯಲ್ಲ. ಹೋಟೆಲಿನವರು ಮೆನು ಕಾರ್ಡಿಗೆ ‘ಜೈನ್ ಪಲಾವ್’ ಎಂದು ಬರೆಯಿರಿ ಎಂದರೆ, ಆಲೂಗಡ್ಡೆ, ಕ್ಯಾರೆಟ್ ಹಾಕುತ್ತೀರಾ ಎಂದು ಕೇಳಲು ನಮ್ಮ ಮಕ್ಕಳಿಗಿಂತ ಅರ್ಹರು ಯಾರಿದ್ದಾರೆ?

ಔಷಧದ ಜಾಹೀರಾತುಗಳ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಪೂರ್ತಿ ಗುಣ ಎಂದು ಕರಪತ್ರ ಮಾಡಿಕೊಡಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾತ್ರವನ್ನೂ ವಹಿಸಬಾರದೆನ್ನುತ್ತದೆ. ಆ್ಯಪ್ ಕೆಲಸದಲ್ಲಿರುವವರಿಗೆ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೊರಡಿಸಿದೆ. ಒಂದೇ ಉಳಿದಿದೆ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು, ಬೇಡವೆನ್ನುವ ಗುಂಡಿಯನ್ನು ಮರೆಮಾಚುವುದು, ಹೀಗೆ 13 ಬಗೆಯ ಪರದೆಯ ಮೋಸಗಳನ್ನು ಅದು ಪಟ್ಟಿ ಮಾಡಿದೆ. ತೂಕದ ಕಲ್ಲಿನ ಕೆಳಗೆ ಮೇಣ ಅಂಟಿಸುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಕದ್ದ ಸಾಫ್ಟ್‌ವೇರ್, ಕದ್ದ ಅಕ್ಷರ ವಿನ್ಯಾಸಗಳ ವಿಷಯ ಇನ್ನೂ ನೇರ. ಕದ್ದ ವಸ್ತುವನ್ನು ಪಡೆಯುವುದೂ ಅಚೌರ್ಯದ ಅತಿಚಾರವೇ, ಅದಕ್ಕೆ ತದಾಹೃತಾದಾನ ಎಂದು ಹೆಸರು. ‘ಎಲ್ಲರೂ ಹಾಗೇ ಮಾಡುತ್ತಾರೆ, ದುಡ್ಡು ಕೊಟ್ಟು ತಂದರೆ ಅಂಗಡಿ ನಡೆಯುವುದಿಲ್ಲ’ ಎನ್ನುವ ಮಾತನ್ನು ನಾನೂ ಕೇಳಿದ್ದೇನೆ. ಹಿಂದೆ ಅದರಲ್ಲಿ ಸ್ವಲ್ಪ ಸತ್ಯವಿತ್ತು. ಈಗ ಇಂಕ್‌ಸ್ಕೇಪ್, ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ, ಗೂಗಲ್‌ನ ನೋಟೋ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ಕಲಿಯಲು ಒಂದೆರಡು ತಿಂಗಳು ಕಷ್ಟವಾಗಬಹುದು, ಅಷ್ಟೆ.

ಬೇಲೂರಿನ ವಿಷಯ ಹೇಳದೆ ಮುಂದೆ ಹೋಗಲಾರೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಬಿರುದುಗಳ ಸಮೇತ ಹೆಸರು ಕೊರೆದಿದ್ದಾರೆ. ಪ್ರವಾಸಿಗರಿಗೆ ಇದನ್ನು ಶಿಲ್ಪಿಗಳ ಅಭಿಮಾನವೆಂದು ವಿವರಿಸುತ್ತಾರೆ, ಅದು ನಿಜ. ಆದರೆ ಹೆಸರು ಹಾಕುವುದೆಂದರೆ ಹೊಣೆ ಹೊರುವುದೂ ಹೌದು. ಕೆಲಸ ಕೆಟ್ಟರೆ ಯಾರನ್ನು ಕೇಳಬೇಕೆಂದು ಕಲ್ಲೇ ಹೇಳುತ್ತದೆ. ಇಂದು ನಮ್ಮ ಕಾನೂನಿನಲ್ಲಿ ಇದರ ನೆರಳು ಉಳಿದಿರುವುದು ಚುನಾವಣೆಯ ಕರಪತ್ರಗಳಲ್ಲಿ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಹೆಸರಿಲ್ಲದ ನಿಂದೆಯ ಕರಪತ್ರ ಮಾಡಿಕೊಡಿ, ಎರಡರಷ್ಟು ಹಣ ಕೊಡುತ್ತೇವೆ ಎನ್ನುವವರು ಬರುತ್ತಾರೆ. ಕೆಲಸ ಒಪ್ಪಿಕೊಳ್ಳುವ ಮೊದಲು ‘ಇದರ ಕೆಳಗೆ ನನ್ನ ಹೆಸರು ಹಾಕಬಲ್ಲೆನೆ?’ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಇಷ್ಟು ಡಿಸೈನರ್ ಮಕ್ಕಳಿಗೆ. ಈಗ ಅವರಿಂದ ಕೆಲಸ ಮಾಡಿಸಿಕೊಳ್ಳುವ ಸಂಘ, ಟ್ರಸ್ಟು, ಮಹಿಳಾ ಸಮಾಜಗಳ ಮಾತು. ಕರ್ನಾಟಕದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದ ಅಧಿಸೂಚನೆ ಬಂದಿದೆ. ಆದರೂ ಪಂಚಕಲ್ಯಾಣವಿರಲಿ, ಮಹಾವೀರ ಜಯಂತಿ ಇರಲಿ, ನಮ್ಮ ಫ್ಲೆಕ್ಸುಗಳು ಏಳುತ್ತಲೇ ಇವೆ. ಅದರಲ್ಲಿ ದಾನಿಗಳ, ಪದಾಧಿಕಾರಿಗಳ ಮುಖಗಳು ತಟ್ಟೆಯಷ್ಟು, ಜಿನಬಿಂಬ ಅಂಚೆ ಚೀಟಿಯಷ್ಟು. ಹಬ್ಬ ಮುಗಿದ ಮೇಲೆ ಅದೇ ಫ್ಲೆಕ್ಸು ಯಾರದೋ ದನದ ಕೊಟ್ಟಿಗೆಯ ಮರೆಯಾಗುತ್ತದೆ, ಇಲ್ಲವೇ ಚರಂಡಿ ಸೇರುತ್ತದೆ. ಜಿನಬಿಂಬದ ಅವಿನಯವಾಗದಂತೆ ಬಟ್ಟೆಯ ಮೇಲೆ ಬರೀ ಅಕ್ಷರದಲ್ಲಿ ಮಾಡೋಣವೆಂದು ಒಬ್ಬ ಹುಡುಗಿ ಹೇಳಿದರೆ, ‘ಚೆನ್ನಾಗಿ ಕಾಣೋದಿಲ್ಲಮ್ಮ’ ಎಂದು ಬಾಯಿ ಮುಚ್ಚಿಸುವವರು ನಾವೇ.

ಇತ್ತೀಚೆಗೆ ಕಂಪ್ಯೂಟರೇ ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆ ಬಂದಿದೆ. ತೀರ್ಥಂಕರರ ಚಿತ್ರ ಕೇಳಿದರೆ ಆಭರಣ ತೊಡಿಸುತ್ತದೆ, ಲಾಂಛನ ತಪ್ಪಿಸುತ್ತದೆ. ಆದಿನಾಥರಿಗೆ ವೃಷಭ, ಶಾಂತಿನಾಥರಿಗೆ ಜಿಂಕೆ, ನೇಮಿನಾಥರಿಗೆ ಶಂಖ, ಮಹಾವೀರರಿಗೆ ಸಿಂಹ. ಸುಪಾರ್ಶ್ವನಾಥರಿಗೆ ಸಾಮಾನ್ಯವಾಗಿ ಐದು ಹೆಡೆ, ಪಾರ್ಶ್ವನಾಥರಿಗೆ ಏಳು. ಶಿಲ್ಪಶಾಸ್ತ್ರ ಬಲ್ಲವರು ಸಾವಿರ ವರ್ಷ ಕಾಪಾಡಿಕೊಂಡು ಬಂದ ವಿವರಗಳಿವು. ವಾಟ್ಸಾಪಿನಲ್ಲಿ ಒಮ್ಮೆ ಹರಡಿದ ತಪ್ಪು ಚಿತ್ರವನ್ನು ಹಿಂದಕ್ಕೆ ಕರೆಯಲಾಗದು. ಬಸದಿಯ ಮೂಲನಾಯಕರದೇ ಫೋಟೋ ತೆಗೆದು ಬಳಸಿದರೆ ಈ ತೊಂದರೆಯೇ ಇಲ್ಲ.

ಇನ್ನೊಂದು, ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ರಾತ್ರಿ ಒಂಬತ್ತಕ್ಕೆ ಫೋನು ಮಾಡಿ ಬೆಳಿಗ್ಗೆಗೆ ಆಹ್ವಾನ ಪತ್ರಿಕೆ ಬೇಕು ಎನ್ನುವುದು, ಹತ್ತು ಸಲ ಹೆಸರುಗಳ ಕ್ರಮ ಬದಲಿಸುವುದು, ಕೊನೆಗೆ ‘ಧರ್ಮದ ಕೆಲಸ, ಇದಕ್ಕೇನು ದುಡ್ಡು’ ಎನ್ನುವುದು. ಆ ಹುಡುಗ ತಾನಾಗಿ ಸೇವೆ ಮಾಡಿದರೆ ಅದು ದಾನ. ನಾವು ಕೇಳದೆ ತೆಗೆದುಕೊಂಡರೆ ಅದತ್ತಾದಾನ, ಕೊಡದದ್ದನ್ನು ಪಡೆಯುವುದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನ ನಿರೋಧ ಎಂದಿವೆ: ಶಕ್ತಿ ಮೀರಿ ಹೊರಿಸುವುದು, ಅನ್ನ ನೀರು ತಡೆಹಿಡಿಯುವುದು. ಎತ್ತಿನ ಗಾಡಿ ಇಲ್ಲದ ಈ ಕಾಲದಲ್ಲಿ ಈ ಸೂತ್ರ ಯಾರಿಗೆ ಅನ್ವಯಿಸುತ್ತದೆ ಎಂದು ಪದಾಧಿಕಾರಿಗಳು ಯೋಚಿಸಬೇಕು.

ಕೊನೆಯದಾಗಿ, ಬೆಂಗಳೂರಿನ ಕಂಪನಿಯಲ್ಲಿರುವ ಮಗಳು ‘ಈ ಕೆಲಸ ಒಲ್ಲೆ’ ಎಂದು ಹೇಳುವುದಾದರೂ ಹೇಗೆ? ತಿಂಗಳ ಬಾಡಿಗೆ, ಸಾಲದ ಕಂತು, ತಮ್ಮನ ಕಾಲೇಜು ಫೀಸು ಎಲ್ಲವೂ ಆ ಸಂಬಳದ ಮೇಲೆ ನಿಂತಿರುತ್ತದೆ. ಇಲ್ಲಿ ನೆರವಿಗೆ ಬರುವುದು ಪರಿಗ್ರಹ ಪರಿಮಾಣ ವ್ರತ. ಅಗತ್ಯಗಳಿಗೆ ಮಿತಿ ಹಾಕಿಕೊಂಡವರಿಗೆ ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುವ ಧೈರ್ಯವಿರುತ್ತದೆ. ಆರು ತಿಂಗಳ ಖರ್ಚು ಕೈಯಲ್ಲಿ ಉಳಿಸಿಕೊಂಡವರ ಮಾತಿಗೆ ಬೇರೆಯದೇ ಬಲ. ಸಂದರ್ಶನದ ದಿನವೇ ‘ಮಾಂಸ, ಮದ್ಯ, ತಂಬಾಕಿನ ಗಿರಾಕಿಗಳ ಕೆಲಸ ನಾನು ಮಾಡುವುದಿಲ್ಲ, ಉಳಿದದ್ದನ್ನು ಚೆನ್ನಾಗಿ ಮಾಡುತ್ತೇನೆ’ ಎಂದು ವಿನಯವಾಗಿ ಹೇಳುವುದು ಒಳ್ಳೆಯದು. ಆರಂಭದಲ್ಲೇ ಹೇಳಿದರೆ ಬೇರೆ ಗಿರಾಕಿಗಳ ಕೆಲಸ ಹಂಚಿಕೊಡುವುದು ಮೇಲಿನವರಿಗೆ ಸುಲಭ; ನಡುವೆ ಹೇಳಿದರೆ ಕೆಲಸ ತಪ್ಪಿಸಿಕೊಳ್ಳುವ ನೆಪದಂತೆ ಕಾಣುತ್ತದೆ. ಲೇಬಲ್, ಆ್ಯಪುಗಳಲ್ಲಿ ಕಾನೂನು ಮೀರುವ ಕೆಲಸ ಹೇಳಿದಾಗ ಧರ್ಮದ ಮಾತಿನ ಬದಲು ಕಾಯ್ದೆಯ ಕಲಮನ್ನು ಇ-ಮೇಲಿನಲ್ಲಿ ಬರೆದು ಕೇಳಬೇಕು. ಬರಹದಲ್ಲಿ ಉತ್ತರ ಕೊಡಬೇಕಾದಾಗ ಎಷ್ಟೋ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಇಷ್ಟಾದ ಮೇಲೂ ಮಗಳು ಕೆಲಸ ಬಿಟ್ಟು ಊರಿಗೆ ಬಂದರೆ, ‘ಅಷ್ಟು ಸಂಬಳ ಬಿಟ್ಟು ಬಂದೆಯಾ’ ಎಂದು ಮನೆಯವರು ಕೇಳದಿರಲಿ. ನಮ್ಮ ಅಂಗಡಿ, ಗಿರಣಿಗಳ ಲೇಬಲ್ ಕೆಲಸವನ್ನು ಅಂಥವರಿಗೆ ಮೊದಲು ಕೊಡೋಣ, ಕೆಲಸ ಮುಗಿದ ದಿನವೇ ಹಣ ಕೊಡೋಣ.